ಹೊಸ ಕೂಸಿಗೆ ಯಾವ ವಸ್ತು ಕೊಳ್ಳಬೇಕು, ಯಾವುದು ಬೇಡ: ನಮ್ಮ ಭಾಗದ ತಂದೆತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಪ್ರಸೂತಿ ವಿಭಾಗದ ಶುಶ್ರೂಷಕಿಯಾಗಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ, ಬಾಣಂತಿಯನ್ನು ಮನೆಗೆ ಕಳುಹಿಸುವ ದಿನ ಕೂಸಿನ ತಂದೆ ಮೊಬೈಲ್ ತೆರೆದು ಉದ್ದನೆಯ ಪಟ್ಟಿಯೊಂದನ್ನು ತೋರಿಸಿ, "ಸಿಸ್ಟರ್, ಇದರಾಗ ಖರೇನ ಬೇಕಾಗಿದ್ದು ಯಾವುದು?" ಎಂದು ಕೇಳದ ವಾರವೇ ಇರಲಿಲ್ಲ. ಆ ಪಟ್ಟಿಗಳನ್ನು ಮಾಡಿದವರು ನಮ್ಮ ಊರುಗಳನ್ನು ಕಂಡವರಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಬಿಸಿಲು, ಬೆಳಗಾವಿಯ ಬಿಡದ ಮಳೆ, ಕೊಳವೆಬಾವಿಯ ಗಡಸು ನೀರು, ಬಾಣಂತಿತನಕ್ಕೆ ತವರಿಗೆ ಹೋಗುವ ರೂಢಿ, ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿರುವ ನಾಲ್ಕಾರು ಕೈಗಳು, ಇವು ಯಾವುವೂ ಅಲ್ಲಿ ಲೆಕ್ಕಕ್ಕೆ ಬಂದಿರುವುದಿಲ್ಲ. ನಾನು ಕೊಡುತ್ತಿದ್ದ ಉತ್ತರಗಳನ್ನೇ ಇಲ್ಲಿ ಒಂದೆಡೆ ಬರೆದಿದ್ದೇನೆ. ಅವುಗಳ ಹಿಂದಿರುವ ಅಳತೆಗೋಲು ಒಂದೇ: ಕೂಸಿಗೆ ನಿಜವಾಗಿಯೂ ಆಗಬಹುದಾದ ಅಪಾಯವನ್ನು ತಡೆಯುವ ವಸ್ತುವಿಗೆ ಹಣ ಹಾಕಬೇಕು, ಮಡಿಲು, ಕೈ ಮತ್ತು ಹಳೆಯ ಹತ್ತಿ ಸೀರೆ ಮಾಡುವ ಕೆಲಸವನ್ನೇ ಮಾಡುವ ವಸ್ತುವಿಗೆ ಹಾಕಬಾರದು.

ಹೆರಿಗೆಗೆ ಮೊದಲೇ ಎಲ್ಲವನ್ನೂ ಕೊಂಡು ಇಡಬೇಕೇ?

ಬೇಕಿಲ್ಲ. ಕೂಸು ಹುಟ್ಟುವ ಮೊದಲು ಅದರ ಸಾಮಾನು ಮನೆಗೆ ತರಬಾರದು ಎಂದು ಹಿರಿಯರು ಹೇಳುತ್ತಾರೆ. ಆ ನಂಬಿಕೆಯನ್ನು ನೀವು ಪಾಲಿಸಿದರೂ ಬಿಟ್ಟರೂ, ಅದರಿಂದ ವ್ಯಾವಹಾರಿಕವಾಗಿ ಲಾಭವೇ ಇದೆ. ಕೂಸು ಎರಡೂವರೆ ಕಿಲೋ ಇರುತ್ತದೋ ಮೂರೂವರೆ ಇರುತ್ತದೋ ಯಾರಿಗೂ ಗೊತ್ತಿರುವುದಿಲ್ಲ, ಹೆಸರಿಡುವ ದಿನ ಬರುವ ಉಡುಗೊರೆಗಳಲ್ಲಿ ಅರ್ಧಕ್ಕರ್ಧ ಬಟ್ಟೆಯೇ ಇರುತ್ತದೆ, ಮೊದಲ ಅಳತೆಯ ಅಂಗಿಗಳು ಒಂದೂವರೆ ತಿಂಗಳಲ್ಲಿ ಚಿಕ್ಕದಾಗುತ್ತವೆ.

ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಒಗೆದು ಬಿಸಿಲಿಗೆ ಒಣಗಿಸಿದ ಹತ್ತು ಹನ್ನೆರಡು ಮೆತ್ತನೆಯ ಹತ್ತಿ ಅರಿವೆಗಳು, ಮುಂದೆ ಕಟ್ಟುವ ನಾಲ್ಕು ಜಬಲಾ, ಒಂದು ಡಜನ್ ಲಂಗೋಟಿ, ಎರಡು ಹತ್ತಿ ಕುಲಾವಿ, ಅತಿ ಚಿಕ್ಕ ಅಳತೆಯ ಡೈಪರಿನ ಒಂದು ಸಣ್ಣ ಪೊಟ್ಟಣ ಇದ್ದರೆ ಕೂಸಿನ ಪಾಲು ಮುಗಿಯಿತು. ತಾಯಿಗೆ ಬೇಕಾದ ದೊಡ್ಡ ಪ್ಯಾಡುಗಳು ಮತ್ತು ಹಾಲೂಡಿಸಲು ಅನುಕೂಲವಾಗುವ ಎರಡು ನೈಟಿಗಳನ್ನು ಮಾತ್ರ ಮರೆಯಬಾರದು. ಕೂಸಿನ ಚೀಲ ಉಬ್ಬಿಕೊಂಡು ತಾಯಿಯ ಚೀಲ ಖಾಲಿ ಇರುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಕೈಯಲ್ಲಿ 10,000 ರೂಪಾಯಿ ಮಾತ್ರ ಇದೆ. ಮೊದಲು ಯಾವುದಕ್ಕೆ ಹಾಕಲಿ?

ಮೊದಲು ತಾಯಿಗೆ ಹಾಕಿರಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಿ, ಆರು ತಿಂಗಳವರೆಗೆ ನೀರನ್ನೂ ಕೊಡದೆ ಎದೆಹಾಲನ್ನಷ್ಟೇ ಕೊಟ್ಟು, ನಂತರ ಮನೆಯ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಮೊದಲ ಆರು ತಿಂಗಳು ಕೂಸಿನ ಇಡೀ ಅಡುಗೆಮನೆ ತಾಯಿಯ ದೇಹವೇ ಆಗಿರುತ್ತದೆ. ಆಕೆಯ ಹಾಲು, ತತ್ತಿ, ಬೇಳೆ, ಸೊಪ್ಪು, ಹಣ್ಣು, ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳು, ಬೆನ್ನಿಗೆ ಆನಿಸಿಕೊಳ್ಳಲು ಎರಡು ಗಟ್ಟಿ ಲೋಡುಗಳು, ಬಟ್ಟೆ-ಭಾಂಡೆಗೆ ಒಂದೆರಡು ತಿಂಗಳ ಮಟ್ಟಿಗೆ ಸಹಾಯಕ್ಕೆ ಬರುವ ಒಬ್ಬ ಹೆಣ್ಣುಮಗಳಿಗೆ ಸಂಬಳ, ಇವು ಯಾವ ಅಂಗಡಿಯ ಪಟ್ಟಿಯಲ್ಲೂ ಇಲ್ಲದಿದ್ದರೂ ಕೂಸಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವ ಖರ್ಚುಗಳು. ಉಳಿದುದರಲ್ಲಿ ಸೊಳ್ಳೆ ಪರದೆ, ಲಂಗೋಟಿ ಬಟ್ಟೆ ಮತ್ತು ಡಿಜಿಟಲ್ ಥರ್ಮಾಮೀಟರ್ ತನ್ನಿರಿ. ಮನೆಯಲ್ಲಿ ಕಾರಿದ್ದರೆ ಕೂಸಿನ ಆಸನಕ್ಕೆ ಬೇರೆಯಾಗಿಯೇ ಹಣ ಕೂಡಿಡಬೇಕು. ಅದರ ವಿಷಯ ಮುಂದೆ ಬರುತ್ತದೆ.

ಕುಲಾವಿ, ಕುಂಚಿಗೆ, ಕೌದಿ, ಸ್ವೆಟರ್: ಬಟ್ಟೆ ಎಷ್ಟು ಬೇಕು?

ಈ ಪ್ರಶ್ನೆಗೆ ನಾನು ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನನ್ನ ಮೊದಲ ಮಗನ ವಿಷಯದಲ್ಲಿ ನಾನೇ ತಪ್ಪಿದ್ದೆ. ಮೇ ತಿಂಗಳಲ್ಲಿ ಹುಟ್ಟಿದ ಅವನಿಗೆ ಕುಲಾವಿ ಹಾಕಿ, ಕುಂಚಿಗೆ ಕಟ್ಟಿ, ಮೇಲೆ ಕೌದಿ ಸುತ್ತಿ, ಕಿಟಕಿ ಮುಚ್ಚಿದ ಬಾಣಂತಿ ಖೋಲಿಯಲ್ಲಿ ಮಲಗಿಸಿದ್ದೆವು. ಹತ್ತನೆಯ ದಿನ ಮೈ ಕಾದ ಹೆಂಚಿನಂತಾಯಿತು, ಹಾಲು ಕುಡಿಯಲಿಲ್ಲ, ಮೂತ್ರ ಕಡಿಮೆಯಾಯಿತು. ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿ, ಹಾಲು ಕುಡಿಸಿ, ಸೋಂಕು ಇಲ್ಲವೆಂದು ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳುವಷ್ಟರಲ್ಲಿ ನನ್ನ ಜೀವ ಅರ್ಧವಾಗಿತ್ತು. ಅತಿಯಾಗಿ ಹೊದಿಸಿದ್ದರಿಂದ ಮೈ ಕಾಯುವುದು, ಹಾಲು ಸಾಲದೆ ನೀರಿನಂಶ ಕಡಿಮೆಯಾಗಿ ಮೈ ಬಿಸಿಯಾಗುವುದು ನಮ್ಮ ಬೇಸಗೆಯಲ್ಲಿ ಅಪರೂಪವಲ್ಲ. ಹಾಗೆಂದು ಅದು ಬರಿಯ ಸೆಕೆ ಎಂದು ಮನೆಯಲ್ಲೇ ತೀರ್ಮಾನಿಸಕೂಡದು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ನಾವು ಹಾಕಿಕೊಂಡಿರುವುದಕ್ಕಿಂತ ಒಂದು ಪದರ ಹೆಚ್ಚು ಸಾಕು. ಕಡು ಬೇಸಗೆಯಲ್ಲಿ ಒಂದೇ ತೆಳುವಾದ ಜಬಲಾ ಸಾಕು. ಕೈಕಾಲು ಸ್ವಲ್ಪ ತಣ್ಣಗಿರುವುದು ಸಹಜವಾದ್ದರಿಂದ, ಸೆಕೆ-ಚಳಿಯನ್ನು ಕೂಸಿನ ಕುತ್ತಿಗೆಯ ಹಿಂಭಾಗ ಅಥವಾ ಎದೆ ಮುಟ್ಟಿ ತಿಳಿಯಬೇಕು. ಮನೆಯೊಳಗೆ ಮಲಗಿರುವ ಕೂಸಿಗೆ ಕುಲಾವಿ ಬೇಡ, ಏಕೆಂದರೆ ಕೂಸಿನ ಮೈಯ ಬಿಸಿ ಹೊರಹೋಗುವ ಮುಖ್ಯ ದಾರಿಗಳಲ್ಲಿ ತಲೆಯೂ ಒಂದು. ಗುಳೇದಗುಡ್ಡದ ಖಣದ ಕುಲಾವಿಯನ್ನು ಹೆಸರಿಡುವ ದಿನಕ್ಕೆ ಖಂಡಿತವಾಗಿ ಹೊಲಿಸಿರಿ; ಅದರ ಅಂಚು ಒರಟಾಗಿರುವುದರಿಂದ ಒಳಗೆ ಹತ್ತಿಯ ಅಸ್ತರ ಕೊಡಿಸಿ, ಕಾರ್ಯ ಮುಗಿದ ಮೇಲೆ ತೆಗೆದುಬಿಡಿರಿ. ಬೆಳಗಾವಿಯ ಮಳೆಗಾಲಕ್ಕೆ ಮತ್ತು ಡಿಸೆಂಬರ್-ಜನವರಿಯ ರಾತ್ರಿಗಳಿಗೆ ಎರಡು ಸ್ವೆಟರ್ ಬೇಕಾಗುತ್ತವೆ, ಆದರೆ ಅವು ಹೇಗೂ ಉಡುಗೊರೆಯಾಗಿ ಬರುತ್ತವೆ.

ತೊಟ್ಟಿಲು ತರಬೇಕೇ, ಕಟಕಟೆಯಿರುವ ಹೊಸ ಮಾದರಿಯ ಮಂಚ ತರಬೇಕೇ, ಸೀರೆಯ ಜೋಳಿಗೆ ಸಾಕೇ?

ಮೊದಲ ನಾಲ್ಕೈದು ತಿಂಗಳಿಗೆ ತಳ ಸಪಾಟಾಗಿರುವ ಮರದ ತೊಟ್ಟಿಲು ಒಳ್ಳೆಯದು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳಿಗೆ ನಮ್ಮ ಸೀಮೆಯಲ್ಲೆಲ್ಲ ಹೆಸರಿದೆ. ಅವು ದುಬಾರಿಯಾದರೂ ಒಂದು ಮನೆತನದಲ್ಲಿ ಎರಡು ಮೂರು ತಲೆಮಾರು ಬಾಳುತ್ತವೆ. ನಿಮ್ಮ ಬಳಗದಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಒಂದು ಇದ್ದೇ ಇರುತ್ತದೆಯಾದ್ದರಿಂದ, ಕೊಳ್ಳುವ ಮೊದಲು ಕೇಳಿ ನೋಡಿರಿ. ಹಳೆಯದನ್ನು ತಂದರೆ ಸರಪಳಿ ಮತ್ತು ಕೊಂಡಿಗಳು ಸವೆದಿಲ್ಲವೆಂದು, ಬಣ್ಣ ಚಕ್ಕೆಯೇಳುತ್ತಿಲ್ಲವೆಂದು, ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿಲ್ಲವೆಂದು ನೋಡಬೇಕು; ಅದಕ್ಕಿಂತ ಅಗಲವಾದ ಸಂದಿನಲ್ಲಿ ಕೂಸಿನ ಮೈ ಜಾರಿ ತಲೆ ಸಿಕ್ಕಿಕೊಳ್ಳಬಹುದು. ಹಳೆಯ ಮನೆಗಳ ತೊಲೆಗೆ ತೊಟ್ಟಿಲಿಗೆಂದೇ ಬಳೆ ಬಡಿದಿರುತ್ತಾರೆ. ಹೊಸ ಮನೆಯ ಸ್ಲ್ಯಾಬಿನ ಕೊಕ್ಕೆಯನ್ನು ಪರೀಕ್ಷಿಸದೆ ನಂಬುವುದಕ್ಕಿಂತ ಸ್ಟ್ಯಾಂಡಿನ ಮೇಲೆ ತೂಗುವ ತೊಟ್ಟಿಲೇ ಲೇಸು.

ಸೀರೆಯ ಜೋಳಿಗೆಯಲ್ಲಿ ಕೂಸು ಕಮಾನಿನಂತೆ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಬದಿಯ ಬಟ್ಟೆ ಮುಖದ ಮೇಲೆ ಮುಚ್ಚಿಕೊಳ್ಳುತ್ತದೆ; ಎಳೆಯ ಕೂಸಿನ ಉಸಿರಿನ ದಾರಿ ಅಷ್ಟಕ್ಕೇ ಮಡಚಿಕೊಳ್ಳಬಹುದು. ಅಳು ನಿಲ್ಲಿಸಲು ಕಣ್ಣೆದುರಿಗೆ ಹತ್ತು ನಿಮಿಷ ತೂಗುವುದು ಬೇರೆ, ರಾತ್ರಿಯಿಡೀ ಮಲಗಿಸುವುದು ಬೇರೆ. ಹೊಲದ ಬದುವಿನ ಗಿಡಕ್ಕೆ ಜೋಳಿಗೆ ಕಟ್ಟಿ ದುಡಿಯುವ ತಾಯಂದಿರಿಗೆ ಬೇರೆ ದಾರಿಯಿರುವುದಿಲ್ಲ ಎಂಬುದನ್ನು ನಾನು ಬಲ್ಲೆ. ಅವರಿಗೆ ನಾನು ಹೇಳುವುದಿಷ್ಟೇ, ಜೋಳಿಗೆಯ ತಳಕ್ಕೆ ಮಡಚಿದ ಕೌದಿಯನ್ನು ಬಿಗಿಯಾಗಿ ಹಾಸಿ ಆದಷ್ಟು ಸಪಾಟು ಮಾಡಿರಿ, ಮುಖ ಸದಾ ಕಾಣುವಂತಿರಲಿ.

ಕೂಸು ಮಗ್ಗುಲು ಹೊರಳಲು ಆರಂಭಿಸಿದ ದಿನವೇ ತೊಟ್ಟಿಲಿನ ಕಾಲ ಮುಗಿಯಿತು. ಆಮೇಲೆ ನೆಲದ ಮೇಲೆ ಗಟ್ಟಿಯಾದ ಹತ್ತಿಯ ಗಾದಿ ಹಾಸಿದರೆ ಬೀಳುವ ಭಯವೂ ಇಲ್ಲ, ಇಪ್ಪತ್ತು ಸಾವಿರದ ಕಟಕಟೆ ಮಂಚದ ಅಗತ್ಯವೂ ಇಲ್ಲ. ವಿದ್ಯುತ್ತಿನಿಂದ ತಾನೇ ತೂಗುವ ಯಂತ್ರವನ್ನು ಯಾರಿಗೂ ನಾನು ಸಲಹೆ ಮಾಡಿಲ್ಲ, ಮಾಡುವುದೂ ಇಲ್ಲ.

ತಲೆ ದುಂಡಗಾಗಲು ಸಾಸಿವೆ ದಿಂಬು ಬೇಕಲ್ಲವೇ? ಸುತ್ತ ಇಡುವ ದಿಂಬಿನ ಸೆಟ್ಟುಗಳು?

ಎರಡೂ ಬೇಡ. ಒಂದು ವರ್ಷದೊಳಗಿನ ಕೂಸನ್ನು ಗಟ್ಟಿಯಾದ ಸಪಾಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ದಿಂಬು, ಮೆತ್ತನೆಯ ಗೊಂಬೆ, ಸಡಿಲವಾದ ಹೊದಿಕೆ ಯಾವುದೂ ಮುಖದ ಹತ್ತಿರ ಇರಬಾರದು. ತಲೆ ಚಪ್ಪಟೆಯಾಗುವುದು ಒಂದೇ ಕಡೆ ಒತ್ತಡ ಬೀಳುವುದರಿಂದ. ಅದಕ್ಕೆ ಕಾಸು ಖರ್ಚಿಲ್ಲದ ಉಪಾಯವಿದೆ: ಕೂಸು ಎಚ್ಚರವಿದ್ದಾಗ ದಿನಕ್ಕೆ ಎರಡು ಮೂರು ಸಲ ಕೆಲವು ನಿಮಿಷ ನಿಮ್ಮ ಎದೆಯ ಮೇಲೋ ಚಾಪೆಯ ಮೇಲೋ ಬೋರಲು ಮಲಗಿಸಿರಿ, ಮಲಗಿಸುವಾಗ ತಲೆಯ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿರಿ. ಕುತ್ತಿಗೆಗೆ ಹಾಕುವ ಕರಿಮಣಿ ದಾರ ಮತ್ತು ಬಜೆ ಸರವನ್ನೂ ಮಲಗಿಸುವ ಮುನ್ನ ತೆಗೆದಿಡಬೇಕು. ದೃಷ್ಟಿಗೆಂದು ಕಟ್ಟುವ ಮನಸ್ಸಿದ್ದರೆ ಸೊಂಟಕ್ಕೆ ಉಡದಾರ ಇದ್ದೇ ಇದೆ, ಅದನ್ನು ಸಡಿಲವಾಗಿ ಕಟ್ಟಿದರಾಯಿತು.

ಡೈಪರೋ ಲಂಗೋಟಿಯೋ?

ಎರಡೂ, ಆದರೆ ಊರು ಮತ್ತು ಋತು ನೋಡಿ. ಎಳೆಯ ಕೂಸಿಗೆ ದಿನಕ್ಕೆ ಎಂಟು ಹತ್ತು ಸಲ ಬದಲಿಸಬೇಕಾಗುತ್ತದೆ. ಡೈಪರಿಗೆ ತಲಾ 10 ರೂಪಾಯಿ ಎಂದು ಹಿಡಿದು ದಿನಕ್ಕೆ ಎಂಟು ಬಳಸಿದರೆ ತಿಂಗಳಿಗೆ 2,400 ರೂಪಾಯಿ. ರಾತ್ರಿಗೊಂದು, ಪ್ರಯಾಣಕ್ಕೊಂದು ಎಂದು ದಿನಕ್ಕೆ ಎರಡಕ್ಕೆ ಮಿತಿಗೊಳಿಸಿದರೆ 600. ಈ ಉಳಿತಾಯದಲ್ಲಿ ತಾಯಿಗೆ ದಿನಕ್ಕೊಂದು ಲೀಟರ್ ಹಾಲು ಬರುತ್ತದೆ.

ವಿಜಯಪುರ, ಬಾಗಲಕೋಟೆಯ ಬಿಸಿಲಿನಲ್ಲಿ ಲಂಗೋಟಿ ಒಂದು ಗಂಟೆಯಲ್ಲಿ ಒಣಗುವುದರಿಂದ ಎರಡು ಡಜನ್ ಸಾಕು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಬಟ್ಟೆ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ. ಅಲ್ಲಿ ಮೂರೂವರೆ ಡಜನ್ ಇಟ್ಟುಕೊಂಡು, ಮಳೆ ಹಿಡಿದ ವಾರಗಳಲ್ಲಿ ಡೈಪರನ್ನು ಹೆಚ್ಚಿಸಿಕೊಳ್ಳುವುದೇ ಸರಿ. ಅರೆಒಣಗಿದ ಬಟ್ಟೆ ಕಟ್ಟುವುದಕ್ಕಿಂತ ಶುಚಿಯಾದ ಡೈಪರ್ ಮೇಲು. ಹಳೆಯ ಹತ್ತಿಯ ಧೋತರ ಮತ್ತು ಸೀರೆಗಳು ಲಂಗೋಟಿಗೆ ಅತ್ಯುತ್ತಮ. ಇಳಕಲ್ ಸೀರೆಯನ್ನು ಹರಿಯುವುದಾದರೆ ಹತ್ತಿಯ ಒಡಲನ್ನು ಮಾತ್ರ ಬಳಸಿರಿ, ರೇಷ್ಮೆಯ ಸೆರಗು ಲಂಗೋಟಿಗೆ ಒಗ್ಗುವುದಿಲ್ಲ. ಹೊಸದೇ ಬೇಕೆಂದರೆ ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲೋ ಬೆಳಗಾವಿಯ ಗಣಪತ ಗಲ್ಲಿಯಲ್ಲೋ ಮಲ್ಮಲ್ ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿ ಕೊಂಡು ಮನೆಯಲ್ಲೇ ಅಂಚು ಹೊಲಿದರೆ ಸಿದ್ಧಪಡಿಸಿದ ಸೆಟ್ಟಿಗಿಂತ ಅಗ್ಗವಾಗುತ್ತದೆ.

ಡೈಪರನ್ನು ಮೂರು ನಾಲ್ಕು ಗಂಟೆಗೊಮ್ಮೆ, ಕಕ್ಕ ಮಾಡಿದರೆ ಕೂಡಲೇ ಬದಲಿಸಬೇಕು. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಿರಿ. ಗಟಾರಕ್ಕೆ ಎಸೆದ ಡೈಪರ್ ನೀರು ಹೀರಿ ಉಬ್ಬಿ ಇಡೀ ಓಣಿಯ ಗಟಾರವನ್ನು ಕಟ್ಟಿಸುತ್ತದೆ.

ಬಾಟಲಿ, ಸ್ಟೆರಿಲೈಸರ್, ಹಾಲು ಹಿಂಡುವ ಪಂಪು ಕೊಂಡಿಡುವುದು ಒಳ್ಳೆಯದಲ್ಲವೇ?

ಬಾಟಲಿಯನ್ನು ಮುಂಜಾಗ್ರತೆಗೆಂದು ಕೊಂಡಿಡಬೇಡಿರಿ. ಮನೆಯಲ್ಲಿ ಬಾಟಲಿ ಇದ್ದರೆ, ಹಾಲು ಇಳಿಯುವ ಮೊದಲ ಮೂರು ದಿನಗಳ ಆತಂಕದಲ್ಲಿ ಯಾರಾದರೊಬ್ಬರು ಅದನ್ನು ಬಾಯಿಗಿಟ್ಟೇ ಇಡುತ್ತಾರೆ. ಕೂಸು ಎದೆ ಚೀಪುವುದು ಕಡಿಮೆಯಾದಷ್ಟೂ ಹಾಲಿನ ಉತ್ಪತ್ತಿಯೂ ಕಡಿಮೆಯಾಗುತ್ತದೆ. 1992ರಲ್ಲಿ ಬಂದು 2003ರಲ್ಲಿ ತಿದ್ದುಪಡಿಯಾದ ಕಾಯ್ದೆಯು ಶಿಶುಹಾಲಿನ ಪುಡಿ, ಶಿಶು ಆಹಾರ ಮತ್ತು ಹಾಲುಣಿಸುವ ಬಾಟಲಿಗಳ ಜಾಹೀರಾತನ್ನೇ ನಮ್ಮ ದೇಶದಲ್ಲಿ ನಿಷೇಧಿಸಿದೆ ಎಂಬುದನ್ನು ನೆನಪಿಡಿರಿ. ಉಚಿತ ಮಾದರಿಯನ್ನೋ ಉಡುಗೊರೆಯನ್ನೋ ಕೊಟ್ಟು ಅವುಗಳ ಬಳಕೆಗೆ ಪ್ರೇರೇಪಿಸುವುದಕ್ಕೂ ಅವಕಾಶವಿಲ್ಲ. ವೈದ್ಯರು ಮೇಲುಹಾಲು ಹೇಳಿದರೆ ನಮ್ಮ ಅಜ್ಜಿಯರ ಒಳಲೆ ಅಥವಾ ಸಣ್ಣ ಸ್ಟೀಲಿನ ಬಟ್ಟಲು-ಚಮಚ ಬಾಟಲಿಗಿಂತ ಸುರಕ್ಷಿತ, ಏಕೆಂದರೆ ಅವುಗಳಲ್ಲಿ ಹಾಲಿನ ಜಿಡ್ಡು ಅಡಗಿ ಕೂರುವ ಮೂಲೆಗಳಿಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿರಿ. ಒಂದು ವರ್ಷದವರೆಗೆ ಜೇನು ಸಲ್ಲದು.

ಸ್ಟೆರಿಲೈಸರ್ ಯಂತ್ರ ಬೇಡ. ನಮ್ಮ ಗಡಸು ನೀರಿನಿಂದ ಅದರ ತಟ್ಟೆಯ ಮೇಲೆ ಕೆಲವೇ ವಾರಗಳಲ್ಲಿ ಬಿಳಿ ಪರೆ ಕಟ್ಟುತ್ತದೆ. ಮುಚ್ಚಳವಿರುವ ಪಾತ್ರೆಯಲ್ಲಿ ಬಟ್ಟಲು-ಚಮಚ ಮುಳುಗುವಷ್ಟು ನೀರು ಹಾಕಿ ಹತ್ತು ನಿಮಿಷ ಕುದಿಸಿದರೆ ಅದೇ ಕೆಲಸವಾಗುತ್ತದೆ.

ಪಂಪಿನ ವಿಷಯ ಬೇರೆ. ತಾಯಿ ಕೆಲಸಕ್ಕೆ ಮರಳುವವಳಾಗಿದ್ದರೆ ಇದು ನಿಜವಾಗಿಯೂ ಹಣಕ್ಕೆ ತಕ್ಕ ವಸ್ತು. 2017ರಿಂದ ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಇದೆ. ಆದರೆ ಅಷ್ಟು ರಜೆ ಸಿಗದ ಸಣ್ಣ ಅಂಗಡಿ, ಖಾಸಗಿ ಶಾಲೆಗಳಲ್ಲಿ ದುಡಿಯುವವರೇ ನಮ್ಮಲ್ಲಿ ಹೆಚ್ಚು. ಅವರು ರಜೆ ಮುಗಿಯುವ ಎರಡು ಮೂರು ವಾರ ಮೊದಲು ಕೊಂಡರೆ ಸಾಕು. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುತ್ತಾರೆ. ವಿಜಯಪುರದ ಮೇ ತಿಂಗಳ ಕೋಣೆ 25 ಡಿಗ್ರಿಯಲ್ಲಿರುವುದಿಲ್ಲವಾದ್ದರಿಂದ ಹಿಂಡಿದ ತಕ್ಷಣ ಫ್ರಿಜ್ಜಿಗೆ, ಕೆಲಸದ ಸ್ಥಳದಲ್ಲಾದರೆ ಮಂಜುಗಡ್ಡೆಯಿರುವ ಡಬ್ಬಿಗೆ ಸೇರಿಸಬೇಕು.

ಕಾರಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡರೆ ಸಾಲದೇ? ಬೈಕಿನಲ್ಲಿ?

ಸಾಲದು. ತಾಯಿಯ ಮಡಿಲಿಗಿಂತ ಸುರಕ್ಷಿತ ಜಾಗವಿಲ್ಲ ಎಂಬ ಮಾತು ಮನೆಯಲ್ಲಿ ನಿಜ, ಓಡುವ ವಾಹನದಲ್ಲಿ ಅಲ್ಲ. ಸೊಲ್ಲಾಪುರದ ಕಡೆಗೋ ಹುಬ್ಬಳ್ಳಿಯ ಕಡೆಗೋ 52ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡುವ ಕಾರು ಒಮ್ಮೆಲೇ ನಿಂತರೆ, ಕೂಸಿನ ಮೈ ಮಾತ್ರ ಕಾರಿನ ಹಳೆಯ ವೇಗದಲ್ಲೇ ಮುಂದಕ್ಕೆ ಚಿಮ್ಮುತ್ತದೆ. ಐದು ಕಿಲೋದ ಕೂಸು ಆ ಕ್ಷಣದಲ್ಲಿ ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಕೈಯಿಂದ ಕಿತ್ತುಕೊಳ್ಳುತ್ತದೆ, ಎಷ್ಟೇ ಗಟ್ಟಿಯಾಗಿ ಹಿಡಿದಿದ್ದರೂ. ಕಾರಿರುವ ಮನೆಯವರು ಇಡೀ ಪಟ್ಟಿಯಲ್ಲಿ ಒಂದೇ ಒಂದು ದುಬಾರಿ ವಸ್ತು ಕೊಳ್ಳುವುದಾದರೆ ಅದು ಕೂಸಿನ ಕಾರು ಆಸನವೇ ಆಗಿರಲಿ. ಹುಟ್ಟಿದಾಗಿನಿಂದ ಸುಮಾರು 18 ಕಿಲೋವರೆಗೆ ಬರುವ ಮಾದರಿಯನ್ನು ಕೊಂಡರೆ ಕೆಲವು ವರ್ಷ ಮತ್ತೆ ಕೊಳ್ಳಬೇಕಾಗುವುದಿಲ್ಲ. ಎರಡು ವರ್ಷವಾಗುವವರೆಗಾದರೂ ಕೂಸಿನ ಮುಖ ಕಾರಿನ ಹಿಂಭಾಗದ ಕಡೆಗಿರುವಂತೆ ಅದನ್ನು ಹಿಂದಿನ ಸೀಟಿಗೆ ಕಟ್ಟಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಕೂಡದು. ಅಂಗಡಿಗೆ ಹೋಗುವಾಗ ಕಾರನ್ನೇ ಒಯ್ದು, ನಿಮ್ಮ ಸೀಟಿಗೆ ಅದು ಅಲುಗಾಡದಂತೆ ಕೂರುತ್ತದೆಯೇ ಎಂದು ನೋಡಿಯೇ ಹಣ ಕೊಡಿರಿ. ಬಿಸಿಲಿನಲ್ಲಿ ನಿಂತ ಕಾರಿನ ಬಕಲ್ ಚರ್ಮ ಸುಡುವಷ್ಟು ಕಾದಿರುತ್ತದೆ, ಕಟ್ಟುವ ಮೊದಲು ಮುಟ್ಟಿ ನೋಡಬೇಕು.

ಬೈಕಿನ ಬಗ್ಗೆ ಕಾನೂನು ಸ್ಪಷ್ಟವಾಗಿದೆ. 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿರುವ ನಿಯಮದಂತೆ 9 ತಿಂಗಳಿಂದ 4 ವರ್ಷದವರೆಗಿನ ಮಗುವನ್ನು ಹಿಂದೆ ಕೂರಿಸಿಕೊಂಡರೆ ಮಗುವಿಗೆ ಸವಾರನೊಂದಿಗೆ ಬಿಗಿಯುವ ಸುರಕ್ಷಾ ಪಟ್ಟಿ ಮತ್ತು ಅಳತೆಗೆ ಸರಿಯಾದ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಪಟ್ಟಿಯ ಬೆಲೆ ಹೆಚ್ಚೇನಲ್ಲ, ಬೈಕೊಂದೇ ಇರುವ ಮನೆಯವರು ಅದನ್ನು ಅಗತ್ಯವಾಗಿ ಕೊಳ್ಳಬೇಕು. ಒಂಬತ್ತು ತಿಂಗಳೊಳಗಿನ ಕೂಸಿನ ಕುತ್ತಿಗೆ ಹೆಲ್ಮೆಟ್ಟಿನ ಭಾರ ಹೊರಲಾರದು. ಲಸಿಕೆಗೆಂದು ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರ ಆಸ್ಪತ್ರೆಗೆ ಹೋಗುವಾಗ ಬಸ್ಸು ಅಥವಾ ಆಟೊ ಹಿಡಿಯಿರಿ.

ತಳ್ಳುವ ಗಾಡಿ ಕೊಳ್ಳಬೇಕೇ?

ಬಾಗಲಕೋಟೆಯ ನವನಗರದಲ್ಲಿ ಸೆಕ್ಟರಿನ ಅಗಲವಾದ ರಸ್ತೆಯ ಪಕ್ಕ ಮನೆಯಿದ್ದು, ಸಂಜೆ ನಡೆದಾಡುವ ಅಭ್ಯಾಸವಿದ್ದರೆ ಕೊಳ್ಳಬಹುದು. ಹಳೆಯ ಊರಿನ ಕಲ್ಲು ಹಾಸಿನ ಓಣಿ, ತೆರೆದ ಗಟಾರ, ಕಾಲುದಾರಿಯೇ ಇಲ್ಲದ ಬಜಾರದಲ್ಲಿ ಅದು ಎರಡು ಸಲ ಹೊರಬಂದು ಆಮೇಲೆ ಅರಿವೆ ಒಣಗಿಸುವ ಸ್ಟ್ಯಾಂಡಾಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಹತ್ತಿಯ ಚೀಲ ನಮಗೆ ಹೆಚ್ಚು ಉಪಯುಕ್ತ. ಅದನ್ನು ಕಟ್ಟಿದಾಗ ಕೂಸಿನ ಮುಖ ನಿಮಗೆ ಕಾಣುತ್ತಿರಬೇಕು, ಹಣೆಗೆ ಮುತ್ತು ಕೊಡುವಷ್ಟು ಮೇಲಿರಬೇಕು, ಗದ್ದ ಎದೆಗೆ ಒತ್ತಿರಬಾರದು, ತೊಡೆಗಳು ಕಪ್ಪೆಯ ಕಾಲಿನಂತೆ ಅಗಲವಾಗಿ ಮೇಲೆದ್ದಿರಬೇಕು. ಕಾಲು ನೇರವಾಗಿ ಜೋತುಬೀಳುವ ಅಗ್ಗದ ಚೀಲಗಳು ಸೊಂಟದ ಕೀಲಿಗೆ ಒಳ್ಳೆಯದಲ್ಲ.

ವಾಕರ್ ಕೊಟ್ಟರೆ ಬೇಗ ನಡೆಯುತ್ತದೆ ಎನ್ನುತ್ತಾರೆ. ನಿಜವೇ?

ನಿಜವಲ್ಲ, ನಡೆಯುವುದು ತಡವಾಗಲೂಬಹುದು. ವಾಕರಿನಲ್ಲಿ ಕೂತ ಮಗು ಒಂದು ಸೆಕೆಂಡಿನಲ್ಲಿ ಒಂದು ಮೀಟರಿನಷ್ಟು ದೂರ ಸರಿಯಬಲ್ಲದು. ಹೊಸ್ತಿಲು, ಕಟ್ಟೆ, ಪಡಸಾಲೆಯಿಂದ ಅಂಗಳಕ್ಕಿಳಿಯುವ ಮೆಟ್ಟಿಲು, ನೆಲದ ಮೇಲಿಟ್ಟ ಒಲೆ, ಕಾಯಿಸಿದ ನೀರಿನ ಬಕೆಟ್ಟು ಇರುವ ನಮ್ಮ ಮನೆಗಳಲ್ಲಿ ನೀವು ಕೈ ಚಾಚುವ ಮೊದಲೇ ಅನಾಹುತ ಮುಗಿದಿರುತ್ತದೆ. ಕೆನಡಾ ದೇಶ 2004ರಲ್ಲಿ ವಾಕರ್ ಮಾರಾಟವನ್ನೇ ನಿಷೇಧಿಸಿತು. ಯಾರಾದರೂ ಉಡುಗೊರೆಯಾಗಿ ಕೊಟ್ಟಿದ್ದರೆ ಬೇರೆಯವರಿಗೂ ಕೊಡದೆ ಗುಜರಿಗೆ ಹಾಕಿರಿ. ಮಗು ನಿಂತುಕೊಳ್ಳಲು ಕಲಿತ ಮೇಲೆ ಹಿಡಿದು ತಳ್ಳುವ ಮರದ ಮೂರು ಗಾಲಿಯ ಗಾಡಿ ಸಾಕು, ಅದರಲ್ಲಿ ಮಗು ತನ್ನ ಕಾಲಿನ ಬಲವನ್ನೇ ಬಳಸುತ್ತದೆ.

ತೂಕದ ಯಂತ್ರ, ಕ್ಯಾಮೆರಾ, ಉಸಿರಾಟ ಅಳೆಯುವ ಕಾಲುಚೀಲ ಬೇಕೇ?

ಬೇಡ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು, ತೂಕದ ಸಾಧನ ಆಕೆಯ ಬಳಿಯೇ ಇರುತ್ತದೆ. ಬಾಣಂತಿತನಕ್ಕೆ ತವರಿಗೆ ಹೋದವರು ತಾಯಿ ಕಾರ್ಡ್ ಒಯ್ದು ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು ಎರಡು ವಾರದೊಳಗೆ ಮರಳಿ ಬರುವುದು ಸಹಜ. ಮನೆಯಲ್ಲೇ ಯಂತ್ರವಿಟ್ಟು ದಿನಾ ತೂಗುವ ತಾಯಿಗೆ ಆ ಅಂಕಿಗಳಿಂದ ಆತಂಕವೊಂದೇ ಲಾಭ. ಮೊದಲ ವಾರದ ನಂತರ ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಿರಿ.

ಸೊಳ್ಳೆ, ಸೆಕೆ, ಲೋಬಾನ: ಕೋಣೆಗೆ ಏನು ಮಾಡಬೇಕು?

ಕೊಡೆಯಂತೆ ಮಡಚುವ ಸೊಳ್ಳೆ ಪರದೆ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ; ಅದಕ್ಕಿಂತ ಲಾಭದ ಖರೀದಿ ಇಡೀ ಪಟ್ಟಿಯಲ್ಲಿಲ್ಲ. ಸೊಳ್ಳೆಬತ್ತಿಯ ಹೊಗೆ ಕೂಸಿನ ಕೋಣೆಗೆ ಬೇಡ. ಕೂಲರ್ ಹಾಕಬಹುದು, ಆದರೆ ಗಾಳಿ ನೇರವಾಗಿ ಕೂಸಿಗೆ ಬಡಿಯದಂತೆ, ಕಿಟಕಿ ತುಸು ತೆರೆದು. ಅದರ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ತಿಕ್ಕದಿದ್ದರೆ ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಮರಿ ಮಾಡುತ್ತದೆ. ಎರೆದ ಮೇಲೆ ಲೋಬಾನದ ಹೊಗೆ ಹಾಕುವುದು, ಬಾಣಂತಿಯ ಹೊರಸಿನ ಕೆಳಗೆ ಇದ್ದಲಿ ಕೆಂಡವಿಡುವುದು ನಮ್ಮ ಹಿರಿಯರ ಪ್ರೀತಿಯ ಉಪಚಾರಗಳು. ಆದರೆ ಮುಚ್ಚಿದ ಖೋಲಿಯಲ್ಲಿ ಇದ್ದಲಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ವಾಸನೆಯೂ ಇಲ್ಲ, ಅದು ಮಲಗಿದಲ್ಲಿಯೇ ಜೀವ ತೆಗೆಯಬಲ್ಲದು. ಅತ್ತೆಯವರಿಗೆ ಇದನ್ನು ವಾದವಾಗಿ ಹೇಳದೆ, ಬಿಸಿನೀರಿನ ಚೀಲವನ್ನು ಬಾಣಂತಿಯ ಬೆನ್ನಿಗೆ ಇಡಿಸಿರಿ, ಕೆಂಡ ತಾನಾಗಿ ತಪ್ಪುತ್ತದೆ. ಮೈಗೆ ಹಚ್ಚುವ ಪೌಡರ್ ಕೂಸಿನ ಶ್ವಾಸಕೋಶಕ್ಕೆ ಹೋಗುವುದರಿಂದ ಅದೂ ಬೇಡ, ಕಣ್ಣಿಗೆ ಕಾಡಿಗೆಯೂ ಬೇಡ.

ಆಟಿಕೆಗಳು?

ಮೊದಲ ಮೂರು ತಿಂಗಳು ನಿಮ್ಮ ಮುಖಕ್ಕಿಂತ ದೊಡ್ಡ ಆಟಿಕೆಯಿಲ್ಲ. ಆಮೇಲೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿರಿ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ. ಗುಂಡಿಯಂತಹ ಸಣ್ಣ ಬ್ಯಾಟರಿ ಹಾಕುವ ಆಟಿಕೆಗಳನ್ನು ಸ್ಕ್ರೂ ಬಿಗಿದ ಮುಚ್ಚಳವಿಲ್ಲದಿದ್ದರೆ ಮನೆಯೊಳಗೇ ತರಬೇಡಿರಿ. ನುಂಗಿದ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಟ್ಟು ತೂತು ಮಾಡುತ್ತದೆ.

ಕುಬಸಕ್ಕೆ, ಹೆಸರಿಡುವ ಕಾರ್ಯಕ್ಕೆ ಬರುವವರು ಏನು ಕೊಡಲಿ ಎಂದು ಕೇಳಿದರೆ?

ಸಂಕೋಚಪಡದೆ ಹೇಳಿರಿ. ಬೇರೆ ಬೇರೆ ಇಪ್ಪತ್ತು ಜೊತೆ ಬಟ್ಟೆ ಬರುವ ಬದಲು, ಸೋದರಮಾವ, ಚಿಕ್ಕಮ್ಮ, ತಂದೆಯ ಗೆಳೆಯರು ಕೂಡಿ ಕಾರಿನ ಆಸನವನ್ನೋ ಪಂಪನ್ನೋ ಕೊಡಿಸಿದರೆ ಅವರ ಹಣಕ್ಕೂ ಅರ್ಥ ಬರುತ್ತದೆ. ಬಟ್ಟೆಯನ್ನೇ ತರುತ್ತೇನೆ ಎನ್ನುವ ಹಿರಿಯರಿಗೆ ಒಂದು ವರ್ಷದ ಮಗುವಿನ ಅಳತೆ ಹೇಳಿರಿ.

ನಮ್ಮ ಕೂಸು ದಿನ ತುಂಬುವ ಮೊದಲೇ ಹುಟ್ಟಿದೆ, ತೂಕ ಕಡಿಮೆ. ಬೇರೆ ಏನಾದರೂ ಕೊಳ್ಳಬೇಕೇ?

ಬಹಳ ತಂದೆತಾಯಂದಿರು ಇಂಥ ಸಮಯದಲ್ಲಿ ಹೀಟರು, ವಿಶೇಷ ಹಾಸಿಗೆ ಎಂದು ಸಾಲ ಮಾಡಿಯಾದರೂ ತರಲು ಓಡುತ್ತಾರೆ. ಅಂಥ ಕೂಸಿಗೆ ಬೇಕಾಗಿರುವುದು ಮೈಗೆ ಮೈ ತಾಗಿಸಿ ಎದೆಯ ಮೇಲೆ ಇಟ್ಟುಕೊಳ್ಳುವ ಕಾಂಗರೂ ಆರೈಕೆ. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆಯಿರುವ ಕೂಸುಗಳಿಗೆ ದಿನಕ್ಕೆ 8ರಿಂದ 24 ಗಂಟೆಯವರೆಗೆ, ಆದಷ್ಟು ಹೆಚ್ಚು ಹೊತ್ತು ಇದನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ನೀಡಿದೆ. ಮುಂದೆ ತೆರೆಯುವ ಒಂದು ಸಡಿಲ ಅಂಗಿ, ಕಟ್ಟಿಕೊಳ್ಳಲು ಮೂರು ಮೀಟರ್ ಹತ್ತಿ ಬಟ್ಟೆ, ಕೂಸಿಗೆ ಟೋಪಿ, ಕಾಲುಚೀಲ ಮತ್ತು ಲಂಗೋಟಿ, ಇಷ್ಟೇ ಸಾಮಾನು. ಇಲ್ಲಿ ಮಾತ್ರ ಟೋಪಿ ಅಗತ್ಯ, ಏಕೆಂದರೆ ಈ ಕೂಸುಗಳಿಗೆ ಮೈಯ ಬಿಸಿ ಹಿಡಿದಿಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತಾಯಿಗೆ ದಣಿವಾದಾಗ ತಂದೆ, ಅಜ್ಜಿ, ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ಒಂದೂವರೆ ಕಿಲೋದ ಮಗಳನ್ನು ಎದೆಗೆ ಕಟ್ಟಿಕೊಂಡು ವಾರ್ಡಿನಲ್ಲಿ ಮೂರು ವಾರ ಕೂತಿದ್ದ ಒಬ್ಬ ತಂದೆಯನ್ನು ನಾನು ಈಗಲೂ ನೆನೆಯುತ್ತೇನೆ. ಆತ ಮನೆಗೆ ಹೋಗುವಾಗ ಅಂಗಡಿಯಿಂದ ತಂದಿದ್ದು ಒಂದು ಥರ್ಮಾಮೀಟರ್ ಮಾತ್ರ.

ಬೇರೆಯವರು ಬಳಸಿದ ವಸ್ತುಗಳನ್ನು ಪಡೆಯಬಹುದೇ?

ಬಟ್ಟೆ, ತೊಟ್ಟಿಲು, ಮರದ ಆಟಿಕೆ, ಕೌದಿಗಳನ್ನು ಧಾರಾಳವಾಗಿ ಪಡೆಯಿರಿ; ನಾಲ್ಕು ಸಲ ಒಗೆದ ಜಬಲಾ ಹೊಸದಕ್ಕಿಂತ ಮೆತ್ತಗಿರುತ್ತದೆ. ಎದೆಗೆ ತಾಗುವ ಪಂಪಿನ ಭಾಗಗಳು, ನಿಪ್ಪಲ್ಲುಗಳು ಬೇಡ. ಕಾರಿನ ಆಸನವನ್ನು ಮಾತ್ರ ನೀವು ಚೆನ್ನಾಗಿ ಬಲ್ಲವರಿಂದಲೇ ಪಡೆಯಿರಿ, ಮತ್ತು ಮೂರು ವಿಷಯ ಕೇಳಿರಿ: ಆ ಕಾರು ಎಂದಾದರೂ ಅಪಘಾತಕ್ಕೆ ಸಿಲುಕಿತ್ತೇ, ಆಸನದ ಹಿಂದೆ ಅಚ್ಚೊತ್ತಿದ ಅವಧಿ ಮುಗಿದಿಲ್ಲವೇ, ಕಟ್ಟುವ ವಿಧಾನದ ಪುಸ್ತಿಕೆ ಇದೆಯೇ. ಒಮ್ಮೆ ಅಪಘಾತದಲ್ಲಿ ಪೆಟ್ಟು ತಿಂದ ಆಸನದಲ್ಲಿ ಹೊರಗೆ ಗೆರೆಯೂ ಕಾಣದಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು. ಉತ್ತರ ಖಚಿತವಾಗಿ ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡವೆನ್ನಿರಿ.